ಗವರ್ನರರ ಬಾಯಿಗೆ ಸಿಕ್ಕ ಕಲ್ಲು

ಕೆರ್ ಮಬೋಯ್ ಊರಿನ ಅಕ್ಕಿ ಅಂಗಡಿಯ ಮಾಪಾತೆ ಗೇಯ್ ಕೆಟ್ಟವನಲ್ಲ. ತೂಕದಲ್ಲಿ ಮೋಸ ಮಾಡುವವನಲ್ಲ, ಶುಕ್ರವಾರದ ನಮಾಜು ತಪ್ಪಿಸುವವನಲ್ಲ, ಹೆಂಡತಿಗೆ ಎದುರಾಡುವವನಂತೂ ಅಲ್ಲವೇ ಅಲ್ಲ. ಅವನಿಗಿದ್ದ ರೋಗ ಒಂದೇ. ಸೆಕ್ ಮನೆತನದವರು ಯಾರಾದರೂ ಬಾಯಿ ತೆರೆದರೆ ಇವನಿಗೆ ಬಾಯಿ ಮುಚ್ಚಿಕೊಂಡಿರಲು ಆಗುತ್ತಿರಲಿಲ್ಲ.

ಇದನ್ನು ಅವನೊಬ್ಬನ ತಪ್ಪು ಎನ್ನಲಾಗದು. ಸೆನೆಗಲ್ ನದಿಯ ಈ ದಂಡೆಯಲ್ಲಿ ಗೇಯ್‌ಗಳಿಗೂ ಸೆಕ್‌ಗಳಿಗೂ ತಲೆತಲಾಂತರದಿಂದ ಅಣಕದ ನಂಟು. ಎದುರಾದ ಕೂಡಲೇ ಒಬ್ಬರನ್ನೊಬ್ಬರು ಹೊಟ್ಟೆಬಾಕ, ಕಳ್ಳ, ನಮ್ಮಜ್ಜನ ಮನೆಯ ಆಳು ಎಂದು ಬೈಯಬೇಕು. ಬೈಸಿಕೊಂಡವನು ಸಿಟ್ಟಾಗುವಂತಿಲ್ಲ. ಬೈಯದೆ ಸುಮ್ಮನೆ ಹೋದರೆ ಮಾತ್ರ ಇಬ್ಬರ ನಡುವೆ ಏನೋ ಮನಸ್ತಾಪವಿದೆ ಎಂದು ಊರು ಗುಸುಗುಸು ಶುರುಮಾಡುತ್ತದೆ. ಇದರ ಜೊತೆಗೆ ಇನ್ನೊಂದು ಕಟ್ಟಳೆಯಿದೆ, ಅದು ಸ್ವಲ್ಪ ಅಪಾಯದ್ದು: ಅಣಕದ ನಂಟ ಊಟ ಕೇಳಿದರೆ ಇಲ್ಲವೆನ್ನುವಂತಿಲ್ಲ.

ಆ ಸೋಮವಾರ ಬೆಳಿಗ್ಗೆ ಊರಿನ ರೇಡಿಯೋದಲ್ಲಿ ಬಾಯಿ ತೆರೆದವನು ಕೃಷಿ ಇಲಾಖೆಯ ಅಧಿಕಾರಿ ಮಸಾಂಬ ಸೆಕ್. 'ನಾವು ಬೆಳೆದದ್ದನ್ನೇ ತಿನ್ನೋಣ' ಎಂಬ ಹೊಸ ಕಾರ್ಯಕ್ರಮದ ಬಗ್ಗೆ ಬಹಳ ಗಂಭೀರವಾಗಿ ಮಾತಾಡುತ್ತಿದ್ದ. "ಎದುರಿಗೆ ನದಿ ಇದೆ, ಕಾಲುವೆ ಇದೆ, ಗದ್ದೆ ಇದೆ. ಆದ್ರೂ ನಾವು ಹಡಗು ಬಂದ್ರೆ ಊಟ, ಹಡಗು ನಿಂತ್ರೆ ಉಪವಾಸ ಅಂತ ಕೂತಿದೀವಿ. ಪೆಂದಾ ಗೇಯ್ ಅವರ ಮಹಿಳಾ ಸಂಘದ ಭತ್ತ ಶೆಡ್ಡಿನಲ್ಲಿ ಹಾಗೇ ಬಿದ್ದಿದೆ. ಶಾಲೆಗಳ ಮಧ್ಯಾಹ್ನದ ಊಟಕ್ಕಾದ್ರೂ ಊರಿನ ಅಕ್ಕಿ ತಗೊಳ್ಳಿ ಅಂತ ಹೊಸ ಗವರ್ನರ್ ಸಾಹೇಬ್ರಿಗೆ ಕೇಳ್ಕೊಂಡಿದೀವಿ. ಅವರಿನ್ನೂ ತೀರ್ಮಾನ ಮಾಡಿಲ್ಲ."

ಪೆಂದಾ ಗೇಯ್ ಎಂದರೆ ಮಾಪಾತೆಯ ಸೋದರತ್ತೆ, ಅಪ್ಪನ ಸ್ವಂತ ಅಕ್ಕ. ಅವಳ ಭತ್ತದ ವಿಷಯ ಊರಿಗೆಲ್ಲ ಗೊತ್ತಿತ್ತು. ಈ ಸಲದ ಬೆಳೆ ಮಾರಾಟವಾಗದಿದ್ದರೆ ಗದ್ದೆಗಳನ್ನು ಅವನ್ನು ಉಳಲು ಕೊಟ್ಟಿದ್ದ ಕಾಲುವೆ ಕಚೇರಿಯವರಿಗೆ ಹಿಂದಿರುಗಿಸಿಬಿಡುವುದೆಂದು ಸಂಘದ ಹೆಂಗಸರು ಮಾತಾಡಿಕೊಂಡಿದ್ದರು. ಅತ್ತೆ ಆಮೇಲಿಂದ ಸರಿಯಾಗಿ ಊಟ ಮಾಡುತ್ತಿರಲಿಲ್ಲ. ಮಾಪಾತೆಗೆ ಅದನ್ನು ನೆನೆದಾಗಲೆಲ್ಲ ಸಂಕಟವಾಗುತ್ತಿತ್ತು. ಏಕೆಂದರೆ ಅವನು ಮಾರುತ್ತಿದ್ದದ್ದು ಇಂಡಿಯಾದಿಂದ ಹಡಗಿನಲ್ಲಿ ಬರುವ, ಆನೆಯ ಚಿತ್ರದ ಚೀಲದ ಅಕ್ಕಿ.

ಸಂಕಟವಾದವನು ಸುಮ್ಮನಿರಬಹುದಿತ್ತು. ಮಾಪಾತೆ ಫೋನು ಕೈಗೆತ್ತಿಕೊಂಡು ರೇಡಿಯೋಗೆ ಕರೆ ಮಾಡಿದ.

"ಏನ್ರಪ್ಪಾ, ಸೆಕ್ ಮನೆಯವನು ಊಟದ ಬಗ್ಗೆ ಪಾಠ ಹೇಳೋ ಕಾಲ ಬಂತಾ? ಹೋದ ಹಬ್ಬಕ್ಕೆ ಇಡೀ ಬೋಗುಣಿ ತಳ ಕೆರೆದೋನು ನೀನೇ ಅಲ್ವೇನೋ!"

"ಓಹೋ, ಆನೆ ಚೀಲದ ಸಾಹುಕಾರ್ರು! ಅತ್ತೆ ಭತ್ತ ಇಲಿ ತಿಂತಿದೆ, ಅಳಿಯ ಹಡಗಿನಕ್ಕಿ ತಿಂತಿದಾನೆ. ಹಡಗು ಒಂದು ದಿನ ತಡವಾದ್ರೆ ಗೇಯ್‌ಗಳು ಚಾಪೆ ಬೇಯಿಸ್ಕೊಂಡು ತಿಂದಾರು."

"ಬಾಯಿ ತೊಳ್ಕೊಂಡು ಮಾತಾಡೋ! ಅಂಗಡೀಲಿ ಮಾರೋದು ಬೇರೆ, ಮನೇಲಿ ಉಣ್ಣೋದು ಬೇರೆ. ನನ್ನ ಮನೇಲಿ ಎಷ್ಟೋ ವರ್ಷದಿಂದ ನಮ್ಮತ್ತೆ ಅಕ್ಕಿ ಬಿಟ್ಟು ಬೇರೆ ಕಾಳು ಒಲೆ ಹತ್ತಿಲ್ಲ. ಬೇಕಾದ್ರೆ ಬಂದು ನೋಡು!"

"ಬರ್ತೀನಿ. ಶುಕ್ರವಾರ ನಮಾಜ್ ಮುಗಿಸ್ಕೊಂಡು ಬರ್ತೀನಿ. ಅಣಕದ ನಂಟ ಕೇಳ್ತಿದೀನಿ, ಇಲ್ಲ ಅನ್ನು ನೋಡೋಣ."

"ಬಾರೋ! ನಿನ್ನ ಇಲಾಖೇನೆಲ್ಲಾ ಕರ್ಕೊಂಡು ಬಾ!"

ಇಲ್ಲಿಗೆ ಎಲ್ಲವೂ ನಗೆಯಲ್ಲಿ ಮುಗಿಯಬೇಕಿತ್ತು. ಅಷ್ಟರಲ್ಲಿ ರೇಡಿಯೋಗೆ ಮತ್ತೊಂದು ಕರೆ ಬಂತು. ಗಂಭೀರವಾದ, ಊರಿಗೆ ಪರಿಚಯವಿಲ್ಲದ ದನಿ. "ನಾನು ಗವರ್ನರ್ ಮಾತಾಡ್ತಿರೋದು. ಕಾರಲ್ಲಿ ಕೇಳ್ತಾ ಇದ್ದೆ. ಇಂಥದ್ದೊಂದು ಮನೇನ ನಾನು ಬಂದಾಗಿಂದ ಹುಡುಕ್ತಿದ್ದೆ. ಶುಕ್ರವಾರ ನನಗೂ ಒಂದು ಚಮಚ ಇಡಿ. ಶಾಲೆ ವಿಷಯ ಊಟ ಆದ್ಮೇಲೆ ತೀರ್ಮಾನ ಮಾಡೋಣ."

ಮಾಪಾತೆ ಫೋನು ಕೆಳಗಿಟ್ಟು ಹಿಂದೆ ತಿರುಗಿದ. ಹೆಂಡತಿ ಸೇನಬು ಮೀನು ಹೆಚ್ಚುವ ಚಾಕು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ಯಾವ ಮನೇರೀ ಅದು, ನಿಮ್ಮತ್ತೆ ಅಕ್ಕಿ ಬಿಟ್ಟು ಬೇರೆ ಕಾಳು ಒಲೆ ಹತ್ತದೇ ಇರೋದು? ನಿಮಗೆ ಇನ್ನೊಂದು ಮನೆ ಇದ್ಯಾ?"

"ಅದು... ಮಾತಿಗೆ ಅಂದೆ ಕಣೇ."

"ಮಾತಿಗೆ ಅಂದ್ರಂತೆ! ನಿಮ್ಮತ್ತೆದು ಇಡಿಯಕ್ಕಿ. ಮೀನಿನ ಸಾರಲ್ಲಿ ಹಾಕಿದ್ರೆ ನೆಂಟರ ಥರ ಬೇರೆ ಬೇರೆ ಕೂರುತ್ತೆ, ಸಾರು ಹೀರೋದೇ ಇಲ್ಲ. ಮೇಲಿಂದ ಕಲ್ಲು ಬೇರೆ. ಈ ಊರಲ್ಲಿ ಚೆಬು ಜೆನ್ ಅಂದ್ರೆ ಸೇನಬು ಕೈಯ್ದು ಅಂತ ಹೆಸರಿದೆ. ಗವರ್ನರ್ ಎದುರಿಗೆ ಅದನ್ನ ಕಳ್ಕೊಳ್ಳಕ್ಕೆ ನಾನು ತಯಾರಿಲ್ಲ."

ಅವಳು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಬೇರೆ ದೇಶಗಳಲ್ಲಿ ನುಚ್ಚೆಂದರೆ ಕೋಳಿಗೆ ಹಾಕುವ ಪದಾರ್ಥವಿರಬಹುದು. ಇಲ್ಲಿ ನುಚ್ಚಕ್ಕಿಯೇ ಅಕ್ಕಿ. ಅದನ್ನು ಹಬೆಯಲ್ಲಿ ಒಮ್ಮೆ ಬೇಯಿಸಿ ಮೀನಿನ ಸಾರಿಗೆ ಸುರಿದರೆ ಸಾರೆಲ್ಲ ಕುಡಿದು ಕೆಂಪಗೆ ಅರಳುತ್ತದೆ, ಅದೇ ಚೆಬು ಜೆನ್. ಇಡಿಯಕ್ಕಿ ಬೇಯಿಸುವುದು ಯಾರಿಗಾದರೂ ಹೊಟ್ಟೆ ಕೆಟ್ಟಾಗ. ಇದು ಪೆಂದಾ ಅತ್ತೆಗೂ ಗೊತ್ತಿತ್ತು. ಅವಳ ಸಂಘದ ಹೆಂಗಸರೆಲ್ಲ ಗದ್ದೆಯಿಂದ ಮನೆಗೆ ಹೋಗುವಾಗ ಮಾಪಾತೆಯ ಅಂಗಡಿಯಲ್ಲಿ ಆನೆ ಚೀಲದ ನುಚ್ಚನ್ನೇ ಕೊಂಡೊಯ್ಯುತ್ತಿದ್ದರು. ಆದರೆ ಇಲಾಖೆಯ ನಿಯಮವೇ ಬೇರೆ. ಕಾಳು ಮುರಿದಿದ್ದರೆ ಅದು ಕಳಪೆ, ಇಡಿಯಾಗಿದ್ದರೆ ಉತ್ತಮ. ಅದಕ್ಕೆಂದೇ ಹೊರದೇಶದವರು ಕೊಟ್ಟ ಹೊಸ ಗಿರಣಿ ಊರಿಗೆ ಬಂದಿತ್ತು. ಒಂದು ಕಾಳೂ ಮುರಿಯದಂತೆ ಅಕ್ಕಿ ಮಾಡುವುದು ಅದರ ಹೆಗ್ಗಳಿಕೆ, ಆ ಅಕ್ಕಿಯನ್ನು ಯಾರೂ ಕೊಳ್ಳದಿರುವುದು ಅದರ ಫಲ.

ಮಂಗಳವಾರ ಪೆಂದಾ ಅತ್ತೆ ಅಂಗಡಿಗೆ ಬಂದಳು. ಬೈಯುತ್ತಾಳೆಂದು ಮಾಪಾತೆ ಕುಗ್ಗಿ ನಿಂತರೆ, ಅವಳು ಅವನ ಎರಡೂ ಕೈ ಹಿಡಿದುಕೊಂಡಳು. "ನಿನ್ನ ಬಾಯಿಂದ ಇಷ್ಟು ದಿನ ಒಂದು ಒಳ್ಳೇದು ಬಂದಿರ್ಲಿಲ್ಲ ಮಗಾ. ಆ ದೇವರು ಈಗ ತರಿಸಿದಾನೆ. ಗವರ್ನರ್ ಒಂದು ತುತ್ತು ಮೆಚ್ಚಿದ್ರೆ ನಮ್ಮ ಗದ್ದೆ ಉಳಿಯುತ್ತೆ. ಸಾಹೇಬ್ರಿಗೆ ತೋರಿಸಕ್ಕೆ ಅಂತ ಒಳ್ಳೇ ಭತ್ತ ಆರಿಸಿಟ್ಟಿದೀವಿ. ನಾಳೆ ಅಕ್ಕಿ ಮಾಡಿಸ್ಬೇಕು. ಗಿರಣಿ ನಡೆಸೋನು ತಮ್ಮನ ಮಗು ನಾಮಕರಣಕ್ಕೆ ಹೋಗಿದಾನೆ, ಏನ್ ಮಾಡೋದು?"

"ಅಷ್ಟೇನಾ? ನಾನಿಲ್ವಾ! ಅಕ್ಕಿ ವ್ಯಾಪಾರ ಮಾಡ್ಕೊಂಡು ತಲೆ ನೆರೆತಿದೆ ಅತ್ತೆ, ಗಿರಣಿ ಏನು ಮಹಾ."

ಅಕ್ಕಿ ಮಾರುವುದಕ್ಕೂ ಅಕ್ಕಿ ಮಾಡುವುದಕ್ಕೂ ಇರುವ ವ್ಯತ್ಯಾಸ ಬುಧವಾರ ಗೊತ್ತಾಯಿತು. ಮೊದಲ ಚೀಲ ಚೆನ್ನಾಗಿಯೇ ಬಂತು, ಉದ್ದುದ್ದ ಇಡಿಯಕ್ಕಿ. ಅದನ್ನು ಇಲಾಖೆ ಕೊಟ್ಟ ಬಿಳಿ ಚೀಲಕ್ಕೆ ತುಂಬಿ ಬಾಯಿ ಹೊಲಿದರು. ಆಮೇಲೆ ಗಿರಣಿ ಎಲ್ಲೋ ಒಂದು ಕಡೆ ಕಿರ್ ಎಂದಿತು. ಸದ್ದು ಬಂದರೆ ಏನೋ ಸಡಿಲವಾಗಿದೆ ಎಂದು ಅರ್ಥ, ಸಡಿಲವಾದದ್ದನ್ನು ಬಿಗಿ ಮಾಡಬೇಕು ಎಂದು ಮಾಪಾತೆ ತರ್ಕಿಸಿದ. ಪಕ್ಕದಲ್ಲೊಂದು ತಿರುಪು ಕಂಡಿತು. ತನ್ನ ಬಲವನ್ನೆಲ್ಲ ಹಾಕಿ ಬಿಗಿದ. ಸದ್ದು ನಿಂತಿತು. ಮಾಪಾತೆ ಹೆಮ್ಮೆಯಿಂದ ಕೈ ಒರೆಸಿಕೊಂಡು ಹೊರಗೆ ಹೆಂಗಸರ ಜೊತೆ ಚಹಾಕ್ಕೆ ಕೂತ. ಆ ಊರಿನ ಚಹಾ ಮೂರು ಸುತ್ತಿನದು, ಅವಸರಕ್ಕೆ ಬಗ್ಗುವುದಲ್ಲ. ಆಗಾಗ ಎದ್ದು ಭತ್ತ ಸುರಿದು ಬಂದು ಕೂರುತ್ತಿದ್ದರು. ಸಂಜೆ ಅಕ್ಕಿ ಬೀಳುವ ಡಬ್ಬದ ಬಾಗಿಲು ತೆರೆದಾಗ ಅತ್ತೆ ಬಗ್ಗಿ ನೋಡಿ, ಒಂದು ಬೊಗಸೆ ಎತ್ತಿ, ಬೆರಳಿನಿಂದ ಕೆದಕಿದಳು.

"ನುಚ್ಚು," ಎಂದಳು. "ಆರಿಸಿಟ್ಟ ಭತ್ತಾನೆಲ್ಲಾ ನುಚ್ಚು ಮಾಡಿಟ್ಯಲ್ಲೋ ಪಾಪಿ! ಸಾಹೇಬ್ರಿಗೆ ಏನು ತೋರಿಸ್ಲಿ ನಾನು? ಇಲಾಖೆಯೋರು ಮುಟ್ಟಿಯೂ ನೋಡಲ್ಲ ಇದನ್ನ."

"ಅತ್ತೆ, ಆ ಒಂದು ಬಿಳಿ ಚೀಲ ಇದೆಯಲ್ಲ..."

"ಮಾತಾಡ್ಬೇಡ! ಆ ಚೀಲ ಸೇನಬು ಅಡುಗೆಮನೆಗೆ ಹೋಗ್ಲಿ. ಈ ಪಾಪಾನ ನಿನ್ನ ಅಂಗಡೀಲಿ ಬಚ್ಚಿಡು. ಶುಕ್ರವಾರ ಯಾರ ಕಣ್ಣಿಗೂ ಬೀಳಬಾರದು."

ಬಿಳಿ ಚೀಲಕ್ಕೆ ನುಚ್ಚು ತುಂಬುವಂತಿರಲಿಲ್ಲ. ಮಾಪಾತೆ ತನ್ನ ಅಂಗಡಿಯ ಖಾಲಿ ಆನೆ ಚೀಲಗಳನ್ನು ತಂದು ಅದರಲ್ಲಿ ತುಂಬಿದ. ಅಂಗಡಿಯ ಹಡಗಿನಕ್ಕಿಯ ಪಕ್ಕದಲ್ಲೇ ಒಟ್ಟಿದ. ಅಷ್ಟೂ ಆನೆಗಳನ್ನು ಗವರ್ನರ್ ಕಣ್ಣಿನಿಂದ ಮರೆಸಬೇಕಿತ್ತಲ್ಲ, ಅದಕ್ಕೆ ಮನೆಯಲ್ಲಿದ್ದ ಬಿಳಿಯ ಹಾಸುಬಟ್ಟೆ ತಂದು ಮೇಲೆ ಹೊದಿಸಿದ.

ಗುರುವಾರ ಬೆಳಿಗ್ಗೆ ಪಕ್ಕದ ದರ್ಜಿ ಸಿಡ್ಯಾ ಅಂಗಡಿಯೊಳಗೆ ಇಣುಕಿದ. ಉದ್ದಕ್ಕೆ ಮಲಗಿಸಿದ ಏನೋ ಒಂದು, ಮೇಲೆ ಬಿಳಿ ಬಟ್ಟೆ, ಪಕ್ಕದಲ್ಲಿ ತಲೆಗೆ ಕೈಹೊತ್ತು ಕೂತ ಮಾಪಾತೆ. ಸಿಡ್ಯಾ ಚಪ್ಪಲಿ ಕಳಚಿ, ಟೋಪಿ ಸರಿಮಾಡಿಕೊಂಡು, ಎರಡೂ ಕೈ ಎತ್ತಿ ಪ್ರಾರ್ಥನೆ ಶುರುಮಾಡಿದ.

"ಯಾವಾಗಾಯ್ತು ಮಾಪಾತೆ? ಅತ್ತೇನಾ? ಮೊನ್ನೆಯಿಂದ ಊಟ ಸರಿ ಮಾಡ್ತಿರ್ಲಿಲ್ಲ ಅಂತ ಕೇಳಿದ್ದೆ."

"ಅಯ್ಯೋ, ಅಕ್ಕಿ ಕಣೋ ಅದು!"

"ಸಮಾಧಾನ ಮಾಡ್ಕೋ ತಮ್ಮಾ. ದುಃಖದಲ್ಲಿ ಹೀಗೆಲ್ಲಾ ಮಾತು ಬರುತ್ತೆ."

ಅವನನ್ನು ನಂಬಿಸುವ ಹೊತ್ತಿಗೆ ಬೀದಿಯ ಹೆಂಗಸರು ಅಳುತ್ತ ಬಂದಾಗಿತ್ತು. ಅವರ ಹಿಂದೆಯೇ ಯಾರು ಸತ್ತರೆಂದು ತಿಳಿಯಲು ಪೆಂದಾ ಅತ್ತೆಯೂ ಬಂದಳು. ಅವಳನ್ನು ಕಂಡು ಇಬ್ಬರು ಹೌಹಾರಿ ಹೊರಗೋಡಿದರು.

ಶುಕ್ರವಾರ ಬಂತು. ನಮಾಜು ಮುಗಿಯಿತು. ಅಂಗಳದಲ್ಲಿ ಚಾಪೆ ಹಾಸಿದರು. ಗವರ್ನರ್ ತಿಳಿನೀಲಿ ಬೂಬೂ ನಿಲುವಂಗಿ ತೊಟ್ಟು ಬಂದರು, ಮಸಾಂಬ ಸೆಕ್ ಕಿವಿಯಿಂದ ಕಿವಿಗೆ ನಗುತ್ತ ಬಂದ. ಸಂಘದ ಹೆಂಗಸರು ಬಣ್ಣಬಣ್ಣದ ತಲೆವಸ್ತ್ರ ಕಟ್ಟಿ ಗೋಡೆಯುದ್ದಕ್ಕೂ ಕೂತರು. ಕುಶಲಪ್ರಶ್ನೆಗಳು ಮುಗಿಯುವ ಲಕ್ಷಣವಿರಲಿಲ್ಲ. ಅಡುಗೆ ಎಲ್ಲಿಗೆ ಬಂತೆಂದು ನೋಡಲು ಮಾಪಾತೆ ಒಳಗೆ ಹೋದ.

ಬಿಳಿ ಚೀಲ ಮೂಲೆಯಲ್ಲಿತ್ತು. ಹೊಲಿಗೆ ಬಿಚ್ಚಿರಲಿಲ್ಲ.

"ಸೇನಬು, ಇದು ಹೊಲಿದ ಹಾಗೇ ಇದೆಯಲ್ಲೇ!"

"ಇರ್ಲಿ ಬಿಡಿ," ಎಂದಳು ಸೇನಬು, ಬೋಗುಣಿಗೆ ಮೀನು ಜೋಡಿಸುತ್ತ. "ನಿಮ್ಮ ನಾಲಿಗೆಗೆ ನನ್ನ ಹೆಸರು ಬಲಿ ಕೊಡಲ್ಲ ಅಂದಿದ್ದೆ. ಬೆಳಿಗ್ಗೆ ನಾನೇ ಅಂಗಡಿಯಿಂದ ಒಂದು ಆನೆ ಚೀಲ ಎಳ್ಕೊಂಡು ಬಂದೆ. ಈ ಸಲ ಹಡಗಿನಕ್ಕಿ ಚೆನ್ನಾಗಿ ಬಂದಿದೆ, ಘಮ ಅಂತಿದೆ. ನೀರೂ ಕಮ್ಮಿ ಕುಡೀತು."

'ನಾವು ಬೆಳೆದದ್ದನ್ನೇ ತಿನ್ನೋಣ' ಎಂದು ಬಂದ ಗವರ್ನರರಿಗೆ ಹಡಗಿನ ಅಕ್ಕಿ! ಅದೂ ಅತ್ತೆಯ ಹೆಸರಿನಲ್ಲಿ! ಆದರೆ ಸೇನಬು ಆಗಲೇ ಬೋಗುಣಿ ಎತ್ತಿಕೊಂಡು ಹೊರಟಿದ್ದಳು. ಕೆಂಪಗೆ ಅರಳಿದ ಅನ್ನ, ನಡುವೆ ದೊಡ್ಡ ಮೀನು, ಸುತ್ತ ಕೋಸು, ಕ್ಯಾರೆಟ್ಟು, ಮರಗೆಣಸು. ಅಂಗಳವೆಲ್ಲ ಒಮ್ಮೆಗೇ ಮೂಗರಳಿಸಿತು.

ಬೋಗುಣಿಯ ಸುತ್ತ ಕೂತರು. ಗವರ್ನರ್ ಒಂದು ಚಮಚ ತಿಂದರು, ಕಣ್ಣು ಮುಚ್ಚಿದರು. ಎರಡನೆಯದನ್ನು ತಿಂದರು, ತಲೆದೂಗಿದರು. ಮತ್ತೊಂದು ಬಾಯಿಗಿಟ್ಟು ಥಟ್ಟನೆ ಅಗಿಯುವುದು ನಿಲ್ಲಿಸಿದರು. ಕೆನ್ನೆಗೆ ಕೈ ಹೋಯಿತು. ಕರವಸ್ತ್ರ ಬಾಯಿಗೆ ಹಿಡಿದು ಕೆಮ್ಮಿದಂತೆ ಮಾಡಿ, ಮತ್ತೆ ತಿನ್ನತೊಡಗಿದರು. ದೊಡ್ಡ ಮನೆತನದವರು, ಊಟದ ನಡುವೆ ಏನೂ ಹೇಳಲಿಲ್ಲ.

ಮಸಾಂಬ ಮಾತ್ರ ಚಮಚ ಮೇಲೆತ್ತಿ ಅನ್ನವನ್ನು ಬೆಳಕಿಗೆ ಹಿಡಿದ. "ಲೋ ಗೇಯ್, ಇದು ನುಚ್ಚು. ಗಿರಣೀದು ಇಡಿಯಕ್ಕಿ ಬರುತ್ತೆ ಅಂತ ನನಗೆ ಗೊತ್ತಿಲ್ವಾ? ಕಳ್ಳಾ, ಹಡಗಿನಕ್ಕಿ ಬೇಯಿಸಿದೀಯಲ್ಲೋ!"

ಅಣಕಕ್ಕೆ ಅಂದದ್ದೇ, ಎಲ್ಲರೂ ನಕ್ಕರು. ಮಾಪಾತೆ ನಗಲಿಲ್ಲ. ಗೇಯ್ ಒಬ್ಬ ಸೆಕ್‌ನ ಬೈಗುಳಕ್ಕೆ ತಿರುಗಿ ಬೈಯದೆ ಕೂತದ್ದು ಆ ಊರಿನಲ್ಲಿ ಅದೇ ಮೊದಲು. ನಗು ತಾನಾಗಿ ನಿಂತಿತು. ಮಸಾಂಬನ ಮುಖವೂ ಬದಲಾಯಿತು. ಎದ್ದು ಅಡುಗೆಮನೆಗೆ ಹೋದವನು ಅರ್ಧ ಖಾಲಿಯಾದ ಆನೆ ಚೀಲವನ್ನು ಎಳೆದುಕೊಂಡು ಬಂದ. "ನಾನು ತಮಾಷೆಗೆ ಅಂದಿದ್ದು ಕಣೋ," ಎಂದ ಮೆಲ್ಲಗೆ. ಅವನಿಗೂ ಬೇಸರವಾಗಿತ್ತು.

ಪೆಂದಾ ಅತ್ತೆ ಕಣ್ಣು ಕೆಳಗೆ ಹಾಕಿ ಚಾಪೆಯ ಅಂಚು ಹಿಡಿದುಕೊಂಡಳು. ಅದನ್ನು ನೋಡಲಾರದೆ ಮಾಪಾತೆ ಎದ್ದು ನಿಂತ.

"ಸಾಹೇಬ್ರೇ, ತಪ್ಪೆಲ್ಲಾ ನಂದು. ನಮ್ಮತ್ತೆಗೆ ಏನೂ ಗೊತ್ತಿಲ್ಲ. ಈ ಮನೇಲಿ ಯಾವತ್ತೂ ಹಡಗಿನಕ್ಕೀನೇ ಬೇಯೋದು. ರೇಡಿಯೋದಲ್ಲಿ ಬಾಯಿಗೆ ಬಂದಿದ್ದು ಒದರಿದೆ. ಅವರು ಆರಿಸಿಟ್ಟ ಭತ್ತಾನೂ ನಾನೇ ಹಾಳು ಮಾಡಿದೆ. ನನ್ನನ್ನ ಏನು ಬೇಕಾದ್ರೂ ಮಾಡಿ, ಆದ್ರೆ ಶಾಲೆಗೆ ಅವರ ಅಕ್ಕಿ ಬೇಡ ಅನ್ಬೇಡಿ. ಅವರು ಹೊತ್ತು ಹುಟ್ಟೋ ಮುಂಚೆ ಗದ್ದೆಗೆ ಇಳಿಯೋ ಜನ."

ಗವರ್ನರ್ ಕೈ ಒರೆಸಿಕೊಂಡರು. "ನನಗೊಂದು ಅನುಮಾನ ಇದೆ," ಎಂದರು. "ಹಡಗಿನ ಅಕ್ಕೀಲಿ ಕಲ್ಲು ಬರುತ್ತಾ?"

"ಎಲ್ಲಾದ್ರೂ ಉಂಟಾ ಸಾಹೇಬ್ರೇ!" ವ್ಯಾಪಾರಿಯ ಹೆಮ್ಮೆ ಮಾಪಾತೆಯನ್ನು ಆ ಗಳಿಗೆಯಲ್ಲೂ ಬಿಡಲಿಲ್ಲ. "ಅದು ಯಂತ್ರದಲ್ಲಿ ಶುದ್ಧ ಆಗಿ ಬಂದಿರುತ್ತೆ. ಅದಕ್ಕೇ ನನ್ನ ಹೆಂಡತಿ ಅದನ್ನ ಆರಿಸೋದೂ ಇಲ್ಲ, ಕೇರೋದೂ ಇಲ್ಲ."

"ಹಾಗಾದ್ರೆ ಇದೇನು?" ಗವರ್ನರ್ ಕರವಸ್ತ್ರ ಬಿಚ್ಚಿದರು. ಅಂಗೈ ಮೇಲೆ ಬೂದುಬಣ್ಣದ ಒಂದು ಕಲ್ಲು. ಅದರ ಪಕ್ಕ, ಅನುಮಾನವೇ ಬೇಡ, ಹಲ್ಲಿನ ಒಂದು ಚೂರು.

ಅತ್ತೆ ಚಾಪೆಯ ಮೇಲೆ ಅಂಬೆಗಾಲಿಟ್ಟು ಬಂದು ನೋಡಿದಳು. ಕಲ್ಲನ್ನು ಎತ್ತಿ ಉಜ್ಜಿದಳು. ಆಮೇಲೆ ಆನೆ ಚೀಲಕ್ಕೆ ಮೊಣಕೈವರೆಗೂ ಕೈ ಹಾಕಿ ಒಂದು ಹಿಡಿ ತೆಗೆದು ಮೂಸಿದಳು.

"ಇದು ನಮ್ಮ ಕಣದ ಕಲ್ಲು!" ಎಂದು ಕೂಗಿದಳು. "ಇದು ನಮ್ಮಕ್ಕಿ! ಈ ದಡ್ಡ ನುಚ್ಚು ಮಾಡಿದ್ದು ಇದನ್ನೇ! ಸಾಹೇಬ್ರೇ, ನೀವು ತಿಂದಿದ್ದು ನಮ್ಮಕ್ಕಿ. ನಿಮ್ಮ ಹಲ್ಲು ಮುರಿದಿದ್ದು ನಮ್ಮ ಮಣ್ಣು!"

ಗವರ್ನರರ ಹಲ್ಲು ಮುರಿದದ್ದಕ್ಕೆ ಇಷ್ಟು ಸಂತೋಷ ಪಟ್ಟ ಅಂಗಳ ಬೇರೊಂದಿರಲಾರದು. ಹೆಂಗಸರು ಎದ್ದು ಚಪ್ಪಾಳೆ ತಟ್ಟಿದರು. ಗೋಡೆಯಾಚೆಯಿಂದ ಇಣುಕುತ್ತಿದ್ದ ಸಿಡ್ಯಾ ಸತ್ತವರು ಎದ್ದುಬಂದರೆಂಬಂತೆ ಕೂಗಿಕೊಂಡ. ಸೇನಬು ಬಾಗಿಲಲ್ಲಿ ನಿಂತು, "ಅದಕ್ಕೇ ಕಣ್ರೀ ನೀರು ಕಮ್ಮಿ ಕುಡಿದಿದ್ದು, ಹೊಸ ಅಕ್ಕಿ!" ಎಂದಳು. ಎಲ್ಲರಿಗಿಂತ ಕೊನೆಗೆ ಅರ್ಥವಾದದ್ದು ಮಾಪಾತೆಗೆ. ಅರ್ಥವಾದ ಕೂಡಲೇ ಮಸಾಂಬನ ಕಡೆ ತಿರುಗಿ ಇಷ್ಟು ಹೊತ್ತು ಬಾಕಿಯಿದ್ದ ಬೈಗುಳವನ್ನೆಲ್ಲ ಒಟ್ಟಿಗೆ ತೀರಿಸಿದ.

ಗಲಾಟೆ ಇಳಿದ ಮೇಲೆ ಗವರ್ನರ್ ಕೇಳಿದರು. "ಅಲ್ರೀ ಸೆಕ್, ದೇಶ ಎಲ್ಲಾ ನುಚ್ಚು ತಿನ್ನೋವಾಗ ನಿಮ್ಮ ಇಲಾಖೆ ಇವರಿಂದ ಇಡಿಯಕ್ಕಿ ಯಾಕೆ ಮಾಡಿಸ್ತಿದೆ?"

"ಅದೇ ಉತ್ತಮ ದರ್ಜೆ ಸಾಹೇಬ್ರೇ. ಗಿರಣಿ ಕೊಟ್ಟೋರು ಹಾಗಂದಿದ್ರು."

"ಗಿರಣಿ ಕೊಟ್ಟೋರು ಚೆಬು ಜೆನ್ ತಿಂತಾರಾ?"

ಮಸಾಂಬ ಯೋಚಿಸಿದ. "ಇಲ್ಲ ಅನ್ಸುತ್ತೆ."

"ನಿಮ್ಮ ಮನೇಲಿ?"

"ನುಚ್ಚೇ ಸಾಹೇಬ್ರೇ." ಮಸಾಂಬ ತಲೆ ಕೆರೆದುಕೊಂಡ. "ಇದೇ ಅಂಗಡಿಯಿಂದ, ಆನೆ ಚೀಲದ್ದು."

ಇದಾದ ಮೇಲೆ ಮಾಪಾತೆ ಆ ವಾರವೆಲ್ಲ ಮಸಾಂಬನನ್ನು ಅಣಕಿಸದೆ ಬಿಡಲಿಲ್ಲವೆಂಬುದನ್ನು ಬಿಡಿಸಿ ಹೇಳಬೇಕಿಲ್ಲ. ಶಾಲೆಗೆ ಅಕ್ಕಿ ಕೊಳ್ಳಲು ಗವರ್ನರ್ ಶರತ್ತು ಹಾಕಿದರು. ಇನ್ನು ಮುಂದೆ ಭತ್ತ ಬಡಿಯುವುದು ಬರಿ ನೆಲದ ಮೇಲಲ್ಲ, ಟಾರ್ಪಾಲಿನ ಮೇಲೆ. ಕಲ್ಲು ತೆಗೆಯುವ ಜರಡಿಯನ್ನು ಇಲಾಖೆ ಕೊಡಬೇಕು. ಮಕ್ಕಳ ಹಲ್ಲು ಉಳಿದರೆ ಈ ಬೆಳೆ ಪೂರ್ತಿ ಶಾಲೆಗಳಿಗೆ. ಅತ್ತೆ ಎಲ್ಲದಕ್ಕೂ ಹೂಂ ಎಂದಳು. ಶೆಡ್ಡಿನ ಭತ್ತವೆಲ್ಲ ಗಿರಣಿಗೆ ಹೋಯಿತು, ನುಚ್ಚಾಗಿ ಹೊರಬಂತು, ಲಾರಿ ಹತ್ತಿತು. ನಡುವೆ ರಾಜಧಾನಿಯಿಂದ ಇಂಜಿನಿಯರೊಬ್ಬ ಗಿರಣಿ ಕೆಟ್ಟಿದೆಯಂತೆ, ಸರಿಮಾಡುತ್ತೇನೆ ಎಂದು ಬಂದಿದ್ದ. ಹೆಂಗಸರು ಒನಕೆ ಹಿಡಿದು ಬಾಗಿಲಲ್ಲಿ ನಿಂತದ್ದು ನೋಡಿ ಚಹಾ ಕೂಡ ಕುಡಿಯದೆ ಹೋದ. ಅಕ್ಕಪಕ್ಕದ ಊರುಗಳ ಸಂಘದವರು ತಮ್ಮ ಗಿರಣಿಯನ್ನೂ ಹಾಗೇ ಕೆಡಿಸಿಕೊಡಬೇಕೆಂದು ಮಾಪಾತೆಯನ್ನು ಕರೆದೊಯ್ಯತೊಡಗಿದರು. ಅವನು ಇಸ್ತ್ರಿ ಮಾಡಿದ ಬೂಬೂ ತೊಟ್ಟು, ಹುಬ್ಬು ಗಂಟಿಕ್ಕಿಕೊಂಡು ಹೋಗಿ ಬರುತ್ತಿದ್ದ. ಒಂದು ಊರಿನಲ್ಲಿ ಅಕ್ಕಿಯ ಬದಲು ಹಿಟ್ಟು ಬಂತಂತೆ. ಅದಕ್ಕೂ ಗಿರಾಕಿ ಸಿಗುತ್ತಾರೆ ಎಂದು ಸಮಾಧಾನ ಹೇಳಿ ಬಂದ.

ಮುಂದಿನ ಬಿತ್ತನೆಗೆ ಮುಂಚಿನ ಸಭೆ ಸೇರಿದ್ದು ಖಾಲಿ ಶೆಡ್ಡಿನಲ್ಲಿ. ಗದ್ದೆ ಬಿಟ್ಟುಕೊಡುವ ವಿಷಯ ಮಾತಾಡಲೆಂದೇ ಮೊದಲಿನಿಂದ ಗೊತ್ತುಮಾಡಿದ್ದ ದಿನ ಅದು. ಪೆಂದಾ ಅತ್ತೆ ನಡುವೆ ನಿಂತಳು. ಶಾಲೆಯವರು ಒಂದು ಬೆಳೆ ಕೊಂಡದ್ದು ನಿಜ, ಮುಂದೆಯೂ ಕೊಳ್ಳುತ್ತಾರೆಂದು ಯಾರೂ ಬರೆದುಕೊಟ್ಟಿರಲಿಲ್ಲ. ಅದು ಅಲ್ಲಿದ್ದ ಎಲ್ಲರಿಗೂ ತಿಳಿದಿತ್ತು. ಅತ್ತೆಯ ದನಿ ಎಂದಿನಷ್ಟು ಗಟ್ಟಿಯಾಗಿರಲಿಲ್ಲ.

"ಗದ್ದೆ ವಾಪಸ್ ಕೊಡೋರು ಕೈ ಎತ್ತಿ," ಎಂದಳು.

ಯಾರೂ ಕೈ ಎತ್ತಲಿಲ್ಲ. ಅತ್ತೆ ಕಾದಳು. ಒಬ್ಬೊಬ್ಬರ ಮುಖವನ್ನೂ ನೋಡಿದಳು. ಬಾಗಿಲಲ್ಲಿ ನಿಂತಿದ್ದ ಮಾಪಾತೆ, ಜನ್ಮದಲ್ಲಿ ಮೊದಲ ಸಲ, ಹೇಳಲು ಮಾತಿದ್ದೂ ಹೇಳಲಿಲ್ಲ. ಅತ್ತೆಯ ಕಣ್ಣಿನಿಂದ ನೀರು ಇಳಿಯಿತು. ಅವಳು ಅದನ್ನು ಮರೆಸಲು ಹೋಗಲಿಲ್ಲ, ತಲೆವಸ್ತ್ರದ ಅಂಚಿನಿಂದ ಎಲ್ಲರೆದುರೇ ಒರೆಸಿಕೊಂಡಳು. ಆಮೇಲೆ ಊರಿಗೆ ಗೊತ್ತಿದ್ದ ಹಳೆಯ ದನಿಯಲ್ಲಿ ಗದರಿದಳು.

"ಮತ್ತೆ ಇಲ್ಲಿ ಕೂತು ಏನ್ ಮಾಡ್ತಿದೀರಿ? ಬೆಳಿಗ್ಗೇನೇ ಕಾಲುವೆಗೆ ನೀರು ಬಿಟ್ಟಿದಾರೆ. ಏಳಿ!"